ಕೊಲೆಗಾರ ಯಾರು ಅಂತ ಗೊತ್ತಾದ ಮೇಲೂ

ಕ್ರೈಂ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ನನ್ನದೊಂದು ಸುಲಭದ ಪರೀಕ್ಷೆ ಇದೆ. ಎರಡನೇ ಸಲ ನೋಡುವುದು. ಮೊದಲ ಸಲ ನಮ್ಮನ್ನು ಕೂರಿಸುವುದು ಕಥೆಯ ಗುಟ್ಟು. ಯಾರು ಕೊಂದರು, ಯಾಕೆ ಕೊಂದರು, ಸಿಕ್ಕಿಬೀಳುತ್ತಾರಾ, ಇಷ್ಟೇ ತಲೆಯಲ್ಲಿ ಓಡುತ್ತಿರುತ್ತದೆ. ಎರಡನೇ ಸಲ ಆ ಗುಟ್ಟು ಇರುವುದಿಲ್ಲ. ಆಗ ನೋಡಲು ಉಳಿಯುವುದು ಮನುಷ್ಯರ ಮುಖ ಮಾತ್ರ. ಆ ಮುಖಗಳಲ್ಲಿ ಜೀವ ಇದ್ದರೆ ಸಿನಿಮಾ ಮತ್ತೆ ಹಿಡಿಯುತ್ತದೆ. ಇಲ್ಲದಿದ್ದರೆ ಇಪ್ಪತ್ತು ನಿಮಿಷಕ್ಕೆ ಕೈ ರಿಮೋಟಿನ ಕಡೆ ಹೋಗುತ್ತದೆ.

ಕನ್ನಡದಲ್ಲಿ ಈ ಪರೀಕ್ಷೆ ಪಾಸಾಗುವ ಸಿನಿಮಾಗಳು ಸಾಕಷ್ಟಿವೆ. ಆದರೆ ಮಾತಿಗೆ ಬರುವುದು ಕಡಿಮೆ. ಒಂದೆರಡು ವಾರ ಥಿಯೇಟರಿನಲ್ಲಿದ್ದು ಹೋದವು, ಪ್ರಶಸ್ತಿ ಬಂದ ದಿನ ಪೇಪರಿನಲ್ಲಿ ಕಂಡು ಮರೆಯಾದವು, ದೊಡ್ಡ ಹೀರೋ ಇಲ್ಲ ಅಂತ ಯಾರೂ ಹೋಗಿ ನೋಡದವು. ಅವುಗಳ ಬಗ್ಗೆ ಬರೆಯಬೇಕು ಅಂತ ತುಂಬ ದಿನದಿಂದ ಅನ್ನಿಸುತ್ತಿತ್ತು. ಕ್ಲೈಮ್ಯಾಕ್ಸ್ ಯಾವುದನ್ನೂ ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಓದಿ.

ಮೊದಲು 'ಶಾಖಾಹಾರಿ'. 2024ರಲ್ಲಿ ಬಂದ ಸಿನಿಮಾ, ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಸಣ್ಣ ಊರೊಂದರಲ್ಲಿ ಸುಬ್ಬಣ್ಣ ಅನ್ನುವವರು ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಹುಡುಗನೊಬ್ಬ ಪೊಲೀಸರಿಂದ ತಪ್ಪಿಸಿಕೊಂಡು ಬಂದು ಆ ಹೋಟೆಲಿನಲ್ಲಿ ಅಡಗುತ್ತಾನೆ. ಇಷ್ಟು ಹೇಳಿದರೆ ಸಾಕು. ಸುಬ್ಬಣ್ಣನ ಪಾತ್ರ ಮಾಡಿರುವುದು ರಂಗಾಯಣ ರಘು.

ರಘು ಅಂದ ಕೂಡಲೇ ನಮ್ಮಲ್ಲಿ ಬಹಳ ಜನರ ಕಿವಿಗೆ ಮೊದಲು ಬರುವುದು ಅವರ ಗಂಟಲು. ಕಿರುಚಾಟ, ಉದ್ದುದ್ದ ಡೈಲಾಗು, ಕಣ್ಣು ತಿರುಗಿಸುವುದು. ಎಷ್ಟೋ ಸಿನಿಮಾಗಳು ಅವರಿಂದ ಅಷ್ಟನ್ನೇ ಕೇಳಿದವು. 'ಶಾಖಾಹಾರಿ'ಯಲ್ಲಿ ಅದೇ ಗಂಟಲು ಹೆಚ್ಚೂಕಡಿಮೆ ಸುಮ್ಮನಿದೆ. ಕೆಲಸ ಮಾಡುವುದೆಲ್ಲ ಕೈ ಮತ್ತು ಬೆನ್ನು. ವರ್ಷಗಟ್ಟಲೆ ಒಲೆಯ ಮುಂದೆ ನಿಂತ ಮನುಷ್ಯ ಹೇಗೆ ಬಗ್ಗುತ್ತಾನೆ, ಗಿರಾಕಿಯ ಮುಂದೆ ತಟ್ಟೆ ಇಡುವಾಗ ಮುಖ ಹೇಗಿರುತ್ತದೆ, ಭಯವಾದಾಗಲೂ ದಿನದ ಕೆಲಸ ಹೇಗೆ ನಿಲ್ಲುವುದಿಲ್ಲ ಅನ್ನುವುದನ್ನು ಅವರು ಮಾತಿಲ್ಲದೆ ತೋರಿಸುತ್ತಾರೆ. ಎರಡನೇ ಸಲ ನೋಡುವಾಗ ಒಂದು ಕೆಲಸ ಮಾಡಿ. ಸುಬ್ಬಣ್ಣ ಬೇರೆಯವರ ಮಾತು ಕೇಳಿಸಿಕೊಳ್ಳುತ್ತಿರುವ ದೃಶ್ಯಗಳನ್ನಷ್ಟೇ ಗಮನಿಸಿ. ಮಾತಾಡುವವರು ಬೇರೆಯವರು, ಆದರೆ ಕಥೆ ನಡೆಯುತ್ತಿರುವುದು ಇವರ ಮುಖದಲ್ಲಿ.

ಅದೇ ಸಿನಿಮಾದಲ್ಲಿ ಪೊಲೀಸ್ ಅಧಿಕಾರಿಯ ಪಾತ್ರದಲ್ಲಿ ಗೋಪಾಲಕೃಷ್ಣ ದೇಶಪಾಂಡೆ ಇದ್ದಾರೆ. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. 2021ರ 'ಗರುಡ ಗಮನ ವೃಷಭ ವಾಹನ'ದಲ್ಲೂ ಇವರು ಪೊಲೀಸ್, ಬ್ರಹ್ಮಯ್ಯ. ಆ ಸಿನಿಮಾ ನೋಡಿ ಬಂದವರೆಲ್ಲ ರಾಜ್ ಬಿ. ಶೆಟ್ಟಿ ಮಳೆಯಲ್ಲಿ ಹುಲಿಯಂತೆ ಕುಣಿದದ್ದನ್ನು, 'ಸೋಜುಗಾದ ಸೂಜು ಮಲ್ಲಿಗೆ' ಹಾಡು ಬಳಸಿಕೊಂಡ ರೀತಿಯನ್ನು ಹೊಗಳಿದರು. ಹೊಗಳಬೇಕಾದದ್ದೇ. ಮಂಗಳೂರಿನ ಮಂಗಳಾದೇವಿಯ ರೌಡಿ ಶಿವನಾಗಿ ರಾಜ್ ಮಾಡಿದ್ದು ಸುಲಭಕ್ಕೆ ಮರೆಯುವ ಕೆಲಸ ಅಲ್ಲ. ಆದರೆ ಆ ಕಥೆಯ ಭಯ ನಮ್ಮವರೆಗೆ ಬರುವುದು ಬ್ರಹ್ಮಯ್ಯನ ಮೂಲಕ. ಶಿವನಿಗೆ ಭಯವೇ ಇಲ್ಲ, ಅವನ ಜೊತೆಗಾರ ಹರಿಗೆ ಲೆಕ್ಕಾಚಾರ ಇದೆ. ಇವರಿಬ್ಬರ ನಡುವೆ ಸಿಕ್ಕಿಕೊಂಡ ಪೊಲೀಸಿನವನ ಹತ್ತಿರ ಇರುವುದು ಮೈಮೇಲೊಂದು ಖಾಕಿ, ಹೊಟ್ಟೆಯಲ್ಲೊಂದು ನಡುಕ. ನಮ್ಮ ಸಿನಿಮಾದ ಪೊಲೀಸರು ಒಂದೋ ಕಾಲು ಮೇಲೆ ಕಾಲು ಹಾಕಿ ಕೂರುವವರು, ಇಲ್ಲ ಲಂಚ ತಿಂದು ನಗುವವರು. ಹೆದರಿದ ಪೊಲೀಸನ್ನು ಇಷ್ಟು ಮರ್ಯಾದೆಯಿಂದ ತೋರಿಸಿದ್ದು ಅಪರೂಪ. ದೇಶಪಾಂಡೆ ಆ ಹೆದರಿಕೆಯನ್ನು ನಗೆಪಾಟಲು ಮಾಡುವುದಿಲ್ಲ. ಹೆದರಿದ ಮನುಷ್ಯ ಎಷ್ಟು ಅಪಾಯಕಾರಿ ಆಗಬಲ್ಲ ಅನ್ನುವುದು ಮೆಲ್ಲಗೆ ಗೊತ್ತಾಗುತ್ತದೆ.

ಇಂಥ ನಟರು ಎಲ್ಲಿಂದ ಬರುತ್ತಾರೆ ಅಂದರೆ ಉತ್ತರ ಹೆಚ್ಚಾಗಿ ಒಂದೇ, ರಂಗಭೂಮಿ. ರಘು ಹೆಸರಿನಲ್ಲೇ ರಂಗಾಯಣ ಇದೆ. ಬಿ. ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರೆಪರ್ಟರಿ, ಅಂದರೆ ಕಾಯಂ ನಾಟಕ ತಂಡ ಅದು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಿಂದ ಬಂದವರಂತೂ ಇವತ್ತು ಕನ್ನಡ ಸಿನಿಮಾದ ಮೂಲೆ ಮೂಲೆಯಲ್ಲಿದ್ದಾರೆ. ಊರೂರು ತಿರುಗಿ ನಾಟಕ ಆಡಿದವರಿಗೆ ಒಂದು ಗುಣ ಬಂದಿರುತ್ತದೆ ಅಂತ ನನಗೆ ಅನ್ನಿಸುತ್ತದೆ. ಇವತ್ತು ರಾಜ, ನಾಳೆ ಬಾಗಿಲು ಕಾಯುವವನು. ಹಾಗಾಗಿ ಪಾತ್ರ ಚಿಕ್ಕದು ಅಂತ ಕೈಬಿಟ್ಟು ಮಾಡುವುದಿಲ್ಲ. ಎದುರಿಗಿರುವವರು ಮಾತಾಡುವಾಗ ನಿಜವಾಗಿ ಕೇಳುತ್ತಾರೆ. ಕ್ರೈಂ ಸಿನಿಮಾಕ್ಕೆ ಇದು ತುಂಬ ಬೇಕು. ಅಲ್ಲಿ ಒಬ್ಬರು ಸುಳ್ಳು ಹೇಳುತ್ತಿರುತ್ತಾರೆ, ಇನ್ನೊಬ್ಬರು ಅದನ್ನು ನಂಬುವುದೋ ಬೇಡವೋ ಅಂತ ನೋಡುತ್ತಿರುತ್ತಾರೆ. ಆ ನೋಟ ಸುಳ್ಳಾದರೆ ಎಲ್ಲವೂ ಸುಳ್ಳು.

ಅಚ್ಯುತ್ ಕುಮಾರ್ ಅವರನ್ನೇ ತೆಗೆದುಕೊಳ್ಳಿ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ದೊಡ್ಡ ಹಿಟ್, ಅದನ್ನು ಯಾರೂ ನೋಡಿಲ್ಲ ಅಂತ ಹೇಳುವ ಹಾಗಿಲ್ಲ. ಆದರೆ ಜನ ನೆನಪಿಟ್ಟುಕೊಂಡದ್ದು ಮರೆವಿನ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್ ಅವರನ್ನು. ಅದರೊಳಗೆ ಒಂದು ಬಿಗಿಯಾದ ಕ್ರೈಂ ಕಥೆ ಇದೆ ಅನ್ನುವುದು ಮರೆತೇಹೋಗಿದೆ. ವಸಿಷ್ಠ ಸಿಂಹ ಮಾಡಿದ ರಂಗ ಅನ್ನುವ ಕೊಲೆಗಾರ, ಅವನ ಕೈಗೆ ಸಿಕ್ಕಿದ ಸಂಸಾರವಂದಿಗ ಕುಮಾರ್. ಹೆಂಡತಿ ಮಕ್ಕಳ ಮುಂದೆ ಹೆದರಿದ್ದು ಕಾಣಬಾರದು, ಆದರೆ ಹೆದರಿಕೆ ನಿಜ. ಅಚ್ಯುತ್ ಆ ಕುಮಾರನಲ್ಲಿ ಸಿಟ್ಟು, ಜಿಪುಣತನ, ಪ್ರೀತಿ ಎಲ್ಲವನ್ನೂ ಒಟ್ಟಿಗೆ ಇಟ್ಟಿದ್ದಾರೆ. ಅದನ್ನು ನಿರ್ದೇಶಿಸಿದ ಹೇಮಂತ್ ರಾವ್ ಅವರೇ 2019ರಲ್ಲಿ 'ಕವಲುದಾರಿ' ಮಾಡಿದರು. ಮೆಟ್ರೋ ಕಾಮಗಾರಿಗೆ ನೆಲ ಅಗೆಯುವಾಗ ಎಲುಬು ಸಿಗುತ್ತದೆ, ಹಳೆಯ ಕೇಸೊಂದು ಮತ್ತೆ ಏಳುತ್ತದೆ. ಟ್ರಾಫಿಕ್ ಪೊಲೀಸ್ ಶ್ಯಾಮ್ ಆಗಿ ರಿಷಿ, ನಿವೃತ್ತ ಅಧಿಕಾರಿ ಮುತ್ತಣ್ಣನಾಗಿ ಅನಂತ್ ನಾಗ್. ಗುಟ್ಟು ಗೊತ್ತಾದ ಮೇಲೆ ಇದನ್ನು ಮತ್ತೊಮ್ಮೆ ನೋಡಿದರೆ ಸಿಗುವುದು ಮುತ್ತಣ್ಣ. ಬಗೆಹರಿಯದ ಒಂದು ಕೇಸು ಮನುಷ್ಯನನ್ನು ಎಷ್ಟು ವರ್ಷ ತಿನ್ನಬಹುದು ಅಂತ ಅನಂತ್ ನಾಗ್ ಕೂತ ಭಂಗಿಯಲ್ಲೇ ಇದೆ.

ಹೆಚ್ಚು ಜನ ನೋಡಬೇಕು ಅಂತ ನನಗೆ ತುಂಬ ಆಸೆ ಇರುವ ಸಿನಿಮಾ 2007ರ 'ಆ ದಿನಗಳು'. ಕೆ. ಎಂ. ಚೈತನ್ಯ ನಿರ್ದೇಶನ. ಭೂಗತ ಲೋಕದಲ್ಲಿದ್ದು ಆಮೇಲೆ ಬರಹಗಾರರಾದ ಅಗ್ನಿ ಶ್ರೀಧರ್ ಅವರ ನೆನಪುಗಳಿಂದ ಎತ್ತಿಕೊಂಡ ಕಥೆ, ಚಿತ್ರಕಥೆಯಲ್ಲಿ ಗಿರೀಶ್ ಕಾರ್ನಾಡರ ಕೈ ಇದೆ, ಸಂಗೀತ ಇಳಯರಾಜಾ. ಎಂಬತ್ತರ ದಶಕದ ಬೆಂಗಳೂರು ಭೂಗತ ಲೋಕ, ರೌಡಿ ಕೊತ್ವಾಲ್ ರಾಮಚಂದ್ರನ ಕೊಲೆ. ಮಚ್ಚು ಲಾಂಗಿನ ಸಿನಿಮಾ ಅಂದುಕೊಂಡು ಹೋದವರಿಗೆ ಇದು ಬೇರೆಯದೇ ಅನ್ನಿಸಿರಬೇಕು. ಇದರಲ್ಲಿ ಹೊಡೆದಾಟಕ್ಕಿಂತ ಕಾಯುವುದು ಜಾಸ್ತಿ.

ಕೊತ್ವಾಲನ ಪಾತ್ರ ಶರತ್ ಲೋಹಿತಾಶ್ವ ಅವರದು. ಈ ಪಾತ್ರವನ್ನು ಬರೀ ಅಬ್ಬರದಲ್ಲಿ ಮುಗಿಸಿಬಿಡಬಹುದಿತ್ತು. ಮೈಕಟ್ಟು ಇದೆ, ಕಂಚಿನಂಥ ದನಿ ಇದೆ. ಆದರೆ ಅವರು ಕೊತ್ವಾಲನಿಗೆ ಒಂದು ಥರದ ಆತ್ಮೀಯತೆ ಕೊಟ್ಟುಬಿಟ್ಟಿದ್ದಾರೆ. ಕೊಲ್ಲಲು ಬಂದವರು ಅವನ ಜೊತೆಗೇ ಇರುತ್ತಾರೆ, ಅವನು ಅವರನ್ನು ನಂಬಿ ಮಾತಾಡುತ್ತಾನೆ. ಅಷ್ಟು ಹೊತ್ತಿಗೆ ನೋಡುವ ನಮಗೆ ಕಷ್ಟ ಶುರುವಾಗುತ್ತದೆ. ಇವನು ಸಾಯಬೇಕು ಅಂತ ಇದೆ, ಇವನ ಜೊತೆ ಊಟಕ್ಕೆ ಕೂತವರ ಕೈಯಲ್ಲಿ ಸಾಯುವುದು ನೋಡಲಾಗುವುದಿಲ್ಲ ಅಂತಲೂ ಇದೆ. ಎದುರಿಗೆ ಶ್ರೀಧರ್ ಆಗಿ ಅತುಲ್ ಕುಲಕರ್ಣಿ, ಅವರ ತಣ್ಣನೆಯ ಕಣ್ಣು. ಇನ್ನೊಬ್ಬ ಡಾನ್ ಜಯರಾಜ್ ಆಗಿ ಆಶಿಷ್ ವಿದ್ಯಾರ್ಥಿ. ಕಥೆಯಲ್ಲಿ ಪ್ರೀತಿಗೆ ಬೀಳುವ ಹುಡುಗನ ಅಪ್ಪನಾಗಿ ಕಾರ್ನಾಡರೇ ಇದ್ದಾರೆ. ಮಗನ ಪ್ರೀತಿ ಮುರಿಯಲು ರೌಡಿಯ ಸಹಾಯ ಪಡೆಯುವ ಶ್ರೀಮಂತ ಅಪ್ಪ. ಇಡೀ ರಕ್ತಪಾತಕ್ಕೆ ಒಂದು ಮರ್ಯಾದಸ್ತ ಮನೆಯ ಹಜಾರದಲ್ಲೂ ಬೇರು ಇದೆ ಅನ್ನುವುದನ್ನು ಈ ಸಿನಿಮಾ ಕೂಗದೆ ಹೇಳುತ್ತದೆ. ಇದು ಹಿಡಿಸಿದರೆ 2012ರ 'ಎದೆಗಾರಿಕೆ'ಯನ್ನೂ ಹುಡುಕಿ. ಅದೂ ಶ್ರೀಧರ್ ಅವರ ಬರಹವೇ, ಸುಮನಾ ಕಿತ್ತೂರು ನಿರ್ದೇಶನ. ಸಾವು ಎದುರಿಗೆ ಬಂದಾಗ ಒಬ್ಬ ರೌಡಿ ಹೇಗೆ ನಿಲ್ಲುತ್ತಾನೆ ಅನ್ನುವುದೇ ಅದರ ವಿಷಯ. ಆದಿತ್ಯ ಅವರನ್ನು ಅಷ್ಟು ಸಮಾಧಾನದಲ್ಲಿ ನಾನು ಬೇರೆಲ್ಲೂ ನೋಡಿಲ್ಲ.

ಅಪರಾಧಿಯ ಜೊತೆ ಕೂತು ಕಾಯುವ ಇನ್ನೊಂದು ಸಿನಿಮಾ ಇದೆ, 'ರಾಮಾ ರಾಮಾ ರೇ'. 2016, ಡಿ. ಸತ್ಯಪ್ರಕಾಶ್. ಗಲ್ಲು ಶಿಕ್ಷೆಯಾಗಿ ತಪ್ಪಿಸಿಕೊಂಡವನೊಬ್ಬ, ಗಲ್ಲಿಗೆ ಹಾಕುವ ಕೆಲಸ ಮಾಡಿದವರೊಬ್ಬರು, ಇಬ್ಬರೂ ಒಂದೇ ಜೀಪಿನಲ್ಲಿ. ಹೊರಗೆ ಬಯಲು, ಬಿಸಿಲು, ಮುಗಿಯದ ರಸ್ತೆ. ನಟರಾಜ್ ಮತ್ತು ಕೆ. ಜಯರಾಂ. ಇದರಲ್ಲಿ ಜಯರಾಂ ಅವರು ಮಾಡಿದ ಆಂಜನಪ್ಪನ ಪಾತ್ರವನ್ನು ನಾನು ಕನ್ನಡದ ದೊಡ್ಡ ಅಭಿನಯಗಳ ಸಾಲಿನಲ್ಲಿ ಇಡುತ್ತೇನೆ. ಪಾಪ ಪುಣ್ಯದ ಬಗ್ಗೆ ಮಾತಾಡುವ ಸಿನಿಮಾ ಇದು. ಇಂಥ ಮಾತು ಸ್ವಲ್ಪ ಜಾಸ್ತಿಯಾದರೂ ಉಪದೇಶ ಆಗಿಬಿಡುತ್ತದೆ. ಜಯರಾಂ ಆ ಮಾತುಗಳನ್ನು ಹೊಲದ ಬದುವಿನಲ್ಲಿ ಕೂತ ಹಿರಿಯರು ಆಡಿದ ಹಾಗೆ ಆಡುತ್ತಾರೆ. ಅದಕ್ಕೇ ನಾಟುತ್ತದೆ. ಓಡಿಬಂದ ಪ್ರೇಮಿಗಳ ಕಥೆ ನಡುವೆ ಸೇರಿಕೊಂಡು ಸಿನಿಮಾ ಸ್ವಲ್ಪ ಅತ್ತಿತ್ತ ಹೋಗುವುದು ನಿಜ. ಆದರೂ ಧರ್ಮಣ್ಣ ಕಡೂರು ಬಂದಾಗಲೆಲ್ಲ ಒಂದು ಗಾಳಿ ಬೀಸಿದಂತಾಗುತ್ತದೆ, ಅದನ್ನು ಬೇಡ ಅನ್ನಲು ಮನಸ್ಸಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಣ್ಣುಮಕ್ಕಳೇ ಇಲ್ಲ ಅಲ್ವಾ? ಕ್ರೈಂ ಅಂದರೆ ಗಂಡಸರ ಲೋಕ ಅಂತ ನಮ್ಮ ಸಿನಿಮಾ ಮೊದಲಿನಿಂದ ಅಂದುಕೊಂಡುಬಿಟ್ಟಿದೆ. ಆದರೆ ಹೆಣ್ಣನ್ನು ನಡುವೆ ಇಟ್ಟ ಕೂಡಲೇ ಅಪರಾಧ ಅನ್ನುವುದರ ಅರ್ಥವೇ ಬದಲಾಗುತ್ತದೆ. ಮನ್ಸೋರೆ ಅವರ 'ಆ್ಯಕ್ಟ್ 1978' ನೋಡಿ. 2020ರ ನವೆಂಬರಿನಲ್ಲಿ, ಲಾಕ್‌ಡೌನ್ ಮುಗಿದು ಜನ ಇನ್ನೂ ಥಿಯೇಟರಿಗೆ ಹೋಗಲು ಹೆದರುತ್ತಿದ್ದ ಹೊತ್ತಿನಲ್ಲಿ ಬಂತು. ತುಂಬು ಬಸುರಿಯೊಬ್ಬಳು ಬಾಂಬ್ ಕಟ್ಟಿಕೊಂಡು ಸರ್ಕಾರಿ ಕಚೇರಿಗೆ ಬಂದು ಅಲ್ಲಿರುವವರನ್ನೆಲ್ಲ ಒತ್ತೆ ಇಟ್ಟುಕೊಳ್ಳುತ್ತಾಳೆ. ಕಾನೂನಿನ ಲೆಕ್ಕದಲ್ಲಿ ಅಪರಾಧಿ ಅವಳು. ಆದರೆ ಕಡತ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ಯಾರೇ ಆದರೂ ಅವಳ ಪಕ್ಕಕ್ಕೆ ಹೋಗಿ ನಿಲ್ಲುತ್ತಾರೆ. ಗೀತಾ ಪಾತ್ರದಲ್ಲಿ ಯಜ್ಞಾ ಶೆಟ್ಟಿ ಒಂದು ಕಡೆಯೂ ವೀರಾವೇಶಕ್ಕೆ ಹೋಗುವುದಿಲ್ಲ. ಅವರ ಮುಖದಲ್ಲಿ ಜಾಸ್ತಿ ಕಾಣುವುದು ಸುಸ್ತು. ಕೋಪ ಮುಗಿದುಹೋದ ಮೇಲೆ ಬರುವ ಸುಸ್ತು. ಕೊನೆಯ ಭಾಗದಲ್ಲಿ ಸಿನಿಮಾ ಸ್ವಲ್ಪ ಭಾಷಣ ಮಾಡುತ್ತದೆ, ಆದರೆ ಯಜ್ಞಾ ಮಾಡುವುದಿಲ್ಲ.

ಪೃಥ್ವಿ ಕೋಣನೂರು ಅವರ ಎರಡು ಸಿನಿಮಾಗಳು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. 'ಪಿಂಕಿ ಎಲ್ಲಿ?' ಕಾಣೆಯಾದ ಕೂಸಿನ ಕಥೆ. ನೋಡಿಕೊಳ್ಳಲು ಬಿಟ್ಟ ಹೆಂಗಸು ಮಗುವನ್ನು ಭಿಕ್ಷೆಗೆ ಬಾಡಿಗೆಗೆ ಕೊಟ್ಟಿರುತ್ತಾಳೆ, ಅಲ್ಲಿಂದ ಮಗು ಕೈತಪ್ಪುತ್ತದೆ. ತಾಯಿಯಾಗಿ ಅಕ್ಷತಾ ಪಾಂಡವಪುರ. ಅವರ ಸುತ್ತ ಇರುವವರಲ್ಲಿ ಎಷ್ಟೋ ಜನ ಮೊದಲು ಕ್ಯಾಮೆರಾ ಮುಂದೆ ನಿಂತವರೇ ಅಲ್ಲ. ಯಾರು ನಟಿ, ಯಾರು ಬೀದಿಯವರು ಅಂತ ಬೇರೆ ಮಾಡಲು ಆಗದಷ್ಟು ಹದವಾಗಿ ಸೇರಿದ್ದಾರೆ. ಮತ್ತೆ ಅಲ್ಲಿ ಕೆಟ್ಟವರು ಯಾರು ಅಂತ ಬೆರಳು ತೋರಿಸಲು ಹೋದರೆ ಬೆರಳು ನಡುಗುತ್ತದೆ.

ಎರಡನೆಯದು 'ಹದಿನೇಳೆಂಟು'. 2022ರಲ್ಲಿ ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗ ಶುರುವಾದದ್ದೇ ಈ ಸಿನಿಮಾದಿಂದ. ಥಿಯೇಟರಿಗೆ ಬಂದದ್ದು 2024ರಲ್ಲಿ. ಪಿಯುಸಿ ಓದುವ ಹುಡುಗ ಹುಡುಗಿ, ಕ್ಲಾಸ್‌ರೂಮಿನಲ್ಲಿ ತೆಗೆದ ಅವರ ಖಾಸಗಿ ವಿಡಿಯೊ, ಅದು ಇಂಟರ್ನೆಟ್ಟಿಗೆ ಹೋಗುತ್ತದೆ. ಕೊಲೆ ಇಲ್ಲ, ರಕ್ತ ಇಲ್ಲ. ಆದರೂ ಇಷ್ಟು ಬಿಗಿಯಾದ ಥ್ರಿಲ್ಲರನ್ನು ನಾನು ಇತ್ತೀಚೆಗೆ ನೋಡಿಲ್ಲ. ಹದಿನೇಳೋ ಹದಿನೆಂಟೋ ಅನ್ನುವ ಒಂದು ವರ್ಷದ ವ್ಯತ್ಯಾಸಕ್ಕೆ ಕಾನೂನಿನಲ್ಲಿ ಎಷ್ಟು ತೂಕ ಇದೆ ಅಂತ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಬಗ್ಗೆ ಓದಿದವರಿಗೆ ಗೊತ್ತು. ಅದರ ಮೇಲೆ ಜಾತಿ ಬಂದು ಕೂರುತ್ತದೆ. ಒಂದೇ ತಪ್ಪು, ಇಬ್ಬರು ಮಕ್ಕಳು, ಆದರೆ ಇಬ್ಬರನ್ನೂ ಜಗತ್ತು ಒಂದೇ ಥರ ನಡೆಸಿಕೊಳ್ಳುವುದಿಲ್ಲ. ದೀಪಾ ಪಾತ್ರದ ಶೆರ್ಲಿನ್ ಭೋಸಲೆ ಮತ್ತು ಹರಿ ಪಾತ್ರದ ನೀರಜ್ ಮ್ಯಾಥ್ಯೂ ಇಬ್ಬರೂ ಹೊಸಬರು. ಶೆರ್ಲಿನ್ ತಲೆ ತಗ್ಗಿಸಿ ನಿಲ್ಲುವುದರಲ್ಲೇ ಹಲವು ಬಗೆ ಇದೆ. ನಾಚಿಕೆಗೆ ತಗ್ಗಿದ ತಲೆ ಬೇರೆ, ಹಟಕ್ಕೆ ತಗ್ಗಿದ ತಲೆ ಬೇರೆ. ಹಿರಿಯರು ಮೇಜಿನ ಆಚೆ ಕೂತು ಪ್ರಶ್ನೆ ಕೇಳುವ ದೃಶ್ಯಗಳಲ್ಲಿ ಯಾರೂ ರಾಕ್ಷಸರಲ್ಲ. ಉಪಪ್ರಾಂಶುಪಾಲರ ಪಾತ್ರದ ರೇಖಾ ಕೂಡ್ಲಿಗಿ ಅವರನ್ನು ನೋಡುತ್ತಾ ಇದ್ದರೆ ಇವರಿಗೆ ಕರುಣೆ ಇದೆ ಅಂತ ಗೊತ್ತಾಗುತ್ತದೆ, ಕರುಣೆ ಇದ್ದೂ ಏನೂ ಆಗುವುದಿಲ್ಲ ಅಂತಲೂ ಗೊತ್ತಾಗುತ್ತದೆ. ಹದಿಹರೆಯದ ಮಕ್ಕಳಿರುವ ಮನೆಯವರು ಇದನ್ನು ನೋಡಲೇಬೇಕು ಅಂತ ಕೇಳಿಕೊಳ್ಳುತ್ತೇನೆ.

ಹದಿಹರೆಯ ಅಂದಾಗ ರೂಪಾ ರಾವ್ ಅವರ 'ಗಂಟುಮೂಟೆ' ನೆನಪಾಗುತ್ತದೆ. 2019. ಅಪರಾಧದ ಕಥೆ ಅಲ್ಲ, ತೊಂಬತ್ತರ ದಶಕದ ಹೈಸ್ಕೂಲ್ ಪ್ರೀತಿ. ಮೀರಾ ಆಗಿ ತೇಜು ಬೆಳವಾಡಿ ಅಷ್ಟು ನಿಜ ಇದ್ದಾರೆ. ಇಷ್ಟೇ ಹೇಳಿ ಬಿಡುತ್ತೇನೆ.

'ತಿಥಿ'ಯನ್ನು ಅಪರಾಧದ ಸಿನಿಮಾ ಅಂತ ಯಾರೂ ಕರೆಯುವುದಿಲ್ಲ. ಆದರೆ ಸ್ವಲ್ಪ ಯೋಚಿಸಿ. ಅಪ್ಪ ಬದುಕಿರುವಾಗಲೇ ಸತ್ತ ಅಂತ ಸುಳ್ಳು ಸರ್ಟಿಫಿಕೇಟ್ ಮಾಡಿಸಿ ಜಮೀನು ಮಾರಲು ಹೊರಟ ಮಗನ ಕಥೆ ಅದು. ಮಂಡ್ಯ ಸೀಮೆಯ ಹಳ್ಳಿಯ ಜನರೇ ನಟಿಸಿದ್ದಾರೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ಆಮೇಲೆ ಅದರ ಅಪ್ಪ ಗಡ್ಡಪ್ಪ ಮತ್ತು ಅಜ್ಜ ಸೆಂಚುರಿ ಗೌಡ ಮನೆಮಾತಾದರು. ನನಗೆ ಇವತ್ತಿಗೂ ಬೇಸರ ಇರುವುದು ಒಂದೇ, ತಮ್ಮಣ್ಣನಾಗಿ ಮಾಡಿದ ತಮ್ಮೇಗೌಡರಿಗೆ ಸಿಗಬೇಕಾದ ಹೊಗಳಿಕೆ ಸಿಗಲಿಲ್ಲ. ಕಥೆಯ ಭಾರ ಹೊತ್ತವರು ಅವರು. ಸುಳ್ಳಿನ ಮೇಲೆ ಸುಳ್ಳು ಪೇರಿಸುತ್ತಾ, ಎಲ್ಲ ಕಡೆ ಓಡುತ್ತಾ, ಒಳಗೊಳಗೇ ಬೆವರುವ ಮಧ್ಯವಯಸ್ಸಿನ ಮಗ. ನಾಲ್ಕು ತಲೆಮಾರಿನ ನಡುವೆ ದುಡ್ಡಿನ ಚಿಂತೆ ಇರುವವನು ಅವನೊಬ್ಬನೇ, ಬೈಸಿಕೊಳ್ಳುವವನೂ ಅವನೊಬ್ಬನೇ.

'ಉಳಿದವರು ಕಂಡಂತೆ'ಗೆ ಈಗ ಅಭಿಮಾನಿಗಳ ಪಡೆಯೇ ಇದೆ, 2014ರಲ್ಲಿ ಇರಲಿಲ್ಲ. ಅದರಲ್ಲಿ ಎಲ್ಲರೂ ಮಾತಾಡುವ ನಾಯಕ ರಿಚ್ಚಿಯನ್ನು ಬಿಟ್ಟು ತಾರಾ ಅವರ ರತ್ನಕ್ಕನನ್ನು ಮತ್ತೊಮ್ಮೆ ನೋಡಿ. ನಟೇಶ್ ಹೆಗಡೆ ಅವರ 'ಪೆದ್ರೊ'ದಲ್ಲಿ ನಿರ್ದೇಶಕರ ತಂದೆ ಗೋಪಾಲ ಹೆಗಡೆಯವರೇ ಮುಖ್ಯ ಪಾತ್ರ. ಆಕಸ್ಮಿಕವಾಗಿ ಒಂದು ಹಸು ಸಾಯುತ್ತದೆ, ಆಮೇಲೆ ಊರೇ ಒಬ್ಬನ ವಿರುದ್ಧ ತಿರುಗುತ್ತದೆ. ಬೂಸಾನ್ ಚಿತ್ರೋತ್ಸವಕ್ಕೆ ಹೋಗಿ ಬಂದ ಸಿನಿಮಾ ನಮ್ಮೂರಿನವರಿಗೆ ನೋಡಲು ಸಿಗುವುದೇ ಕಷ್ಟ ಆಯಿತು. ಇದು ಸರಿಯಲ್ಲ.

ಹಳೆಯದರಲ್ಲಿ ಶಂಕರ್ ನಾಗ್ ಅವರ ಎರಡನ್ನು ಬಿಡುವ ಹಾಗಿಲ್ಲ. 1980ರ 'ಮಿಂಚಿನ ಓಟ' ಅವರ ಮೊದಲ ನಿರ್ದೇಶನ. ಅದರ ಕಳ್ಳರ ಗುಂಪಿನಲ್ಲಿ ಅನಂತ್ ನಾಗ್, ಶಂಕರ್ ನಾಗ್ ಅಣ್ಣ ತಮ್ಮಂದಿರ ಜೊತೆ ಲೋಕನಾಥ್ ಅವರಿದ್ದಾರೆ. ಎಲ್ಲರಿಗೂ 'ಭೂತಯ್ಯನ ಮಗ ಅಯ್ಯು' ಸಿನಿಮಾದ ಉಪ್ಪಿನಕಾಯಿ ದೃಶ್ಯದ ಲೋಕನಾಥ್ ಗೊತ್ತು, ಇಲ್ಲಿನ ಲೋಕನಾಥ್ ಅವರನ್ನೂ ನೋಡಬೇಕು. 1985ರ 'ಆಕ್ಸಿಡೆಂಟ್' ಇನ್ನೂ ಕಟು. ಅಧಿಕಾರಸ್ಥನ ಮಗ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದವರನ್ನು ಕೊಲ್ಲುತ್ತಾನೆ. ಅಪ್ಪ ಕೇಸು ಮುಚ್ಚಿಸಲು ಹೊರಡುತ್ತಾನೆ. ಅಪ್ಪನಾಗಿ ಅನಂತ್ ನಾಗ್, ಬೆನ್ನು ಬಿಡದ ಪತ್ರಕರ್ತನಾಗಿ ಶಂಕರ್. ಬದುಕುಳಿದ ರಾಮಣ್ಣನಾಗಿ ರಮೇಶ್ ಭಟ್. ನಮಗೆ ರಮೇಶ್ ಭಟ್ ಅಂದರೆ ಅಕ್ಕಪಕ್ಕದ ಮನೆಯವರಂತೆ ಸಲುಗೆ. ಆ ಸಲುಗೆಯ ಮುಖ ಇಲ್ಲಿ ಮಾತೇ ಕಳೆದುಕೊಂಡಂತಿದೆ. ಇಂಥ ಸುದ್ದಿ ಇವತ್ತೂ ಪೇಪರಿನಲ್ಲಿ ಬರುತ್ತಲೇ ಇದೆ, ಹಾಗಾಗಿ ಸಿನಿಮಾ ಹಳೆಯದಾಗಿಲ್ಲ.

ಕೊನೆಗೆ ಉಳಿಸಿಕೊಂಡದ್ದು 'ಹರಿವು'. ಮನ್ಸೋರೆ ಅವರ ಮೊದಲ ಸಿನಿಮಾ, 2014. ಡಾ. ಆಶಾ ಬೆನಕಪ್ಪ ಅವರು ಬರೆದ ನಿಜವಾದ ಘಟನೆಯೊಂದು ಇದರ ಮೂಲ. ಉತ್ತರ ಕರ್ನಾಟಕದ ರೈತನೊಬ್ಬ ಮಗನ ಚಿಕಿತ್ಸೆಗೆ ಬೆಂಗಳೂರಿಗೆ ಬರುತ್ತಾನೆ. ಮಗ ಉಳಿಯುವುದಿಲ್ಲ. ಹೆಣ ಊರಿಗೆ ಒಯ್ಯಲು ಗಾಡಿ ಮಾಡಿಸುವಷ್ಟು ದುಡ್ಡಿಲ್ಲ. ಒಂದು ಟ್ರಂಕಿನಲ್ಲಿ ಮಗನನ್ನು ಇಟ್ಟುಕೊಂಡು ಅಪ್ಪ ಬಸ್ ಹತ್ತುತ್ತಾನೆ. ಇದರಲ್ಲಿ ಅಪರಾಧ ಯಾರದು ಅಂತ ಯಾವ ಪೊಲೀಸೂ ಬರೆದುಕೊಳ್ಳುವುದಿಲ್ಲ.

ಅಪ್ಪನಾಗಿ ಸಂಚಾರಿ ವಿಜಯ್. 'ನಾನು ಅವನಲ್ಲ ಅವಳು' ಸಿನಿಮಾಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ವರ್ಷದ ಪ್ರಶಸ್ತಿಗಳಲ್ಲಿ 'ಹರಿವು' ಅತ್ಯುತ್ತಮ ಕನ್ನಡ ಚಿತ್ರ. ಒಂದರಲ್ಲಿ ಹೆಣ್ಣಾಗಿ ಬದುಕಲು ಹಂಬಲಿಸುವ ಜೀವ, ಇನ್ನೊಂದರಲ್ಲಿ ಬಿಸಿಲಿಗೆ ಬೆಂದ ರೈತ. ಎರಡನ್ನೂ ಒಬ್ಬನೇ ಮನುಷ್ಯ ಮಾಡಿದ್ದು ಅಂತ ಹೇಳಿದರೆ ಗೊತ್ತಿಲ್ಲದವರು ನಂಬುವುದಿಲ್ಲ. ಈ ಅಪ್ಪ ಎದೆ ಬಡಿದುಕೊಂಡು ಅತ್ತುಬಿಟ್ಟಿದ್ದರೆ ನಮಗೆ ಹಗುರ ಆಗುತ್ತಿತ್ತು. ಆದರೆ ಅತ್ತರೆ ಟ್ರಂಕಿನಲ್ಲಿ ಏನಿದೆ ಅಂತ ಜನಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಅವನು ಅಳುವ ಹಾಗಿಲ್ಲ. ಅಳು ತಡೆದ ಅಪ್ಪನ ಮುಖವನ್ನು ವಿಜಯ್ ದೃಶ್ಯದಿಂದ ದೃಶ್ಯಕ್ಕೆ ಹಿಡಿದಿಟ್ಟುಕೊಂಡಿದ್ದಾರೆ. ಅವರು 2021ರ ಜೂನಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇನ್ನೂ ಎಷ್ಟು ಪಾತ್ರ ಮಾಡುವುದಿತ್ತೋ ಅಂತ ನೆನೆದರೆ ಸಂಕಟ ಆಗುತ್ತದೆ.

ಇಷ್ಟರಲ್ಲಿ ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ಸಸ್ಪೆನ್ಸ್ ಬೇಕು ಅನ್ನುವವರು 'ಶಾಖಾಹಾರಿ'ಯಿಂದ, ಹಳೆಯ ಬೆಂಗಳೂರು ಇಷ್ಟ ಇರುವವರು 'ಆ ದಿನಗಳು' ಸಿನಿಮಾದಿಂದ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಜೊತೆಯೇ ಕೂತು 'ಹದಿನೇಳೆಂಟು' ಸಿನಿಮಾದಿಂದ ಶುರು ಮಾಡಿ. 'ಹರಿವು' ಮಾತ್ರ ಒಬ್ಬರೇ ನೋಡಬೇಡಿ. ಮುಗಿದ ಮೇಲೆ ಪಕ್ಕದಲ್ಲಿ ಮಾತಾಡಲು ಯಾರಾದರೂ ಬೇಕಾಗುತ್ತದೆ.